ಜಪಾನಿಗೆ ಹೊರಟ ಹಲ್ವ

ಉರ್ವ, ಮಂಗಳೂರು
2-8-1961

ನನ್ನ ಪ್ರೀತಿಯ, ಪ್ರೀತಿಯ, ಪ್ರೀತಿಯ ಪ್ರೊಫೆಸರರೇ,

ಒಂದೇ ಶಬ್ದವನ್ನು ಮೂರು ಸಲ ಬರೆದರೆ ಕಾನ್ವೆಂಟಿನ ಸಿಸ್ಟರ್ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುತ್ತಿದ್ದರು. ಈಗ ಎಳೆಯಲಿ ನೋಡೋಣ, ನಾನು ಮದುವೆಯಾದವಳು! ಇನ್ನೂ ಬರೇ ಲೆಕ್ಚರರ್ ಎಂದು ನೀವು ತಿದ್ದುವುದೂ ಬೇಡ. ಟೋಕಿಯೋಕ್ಕೆ ಕಲಿಯಲು ಹೋದವನನ್ನು ಹೆಂಡತಿ ಏನು ಬೇಕಾದರೂ ಕರೆಯಬಹುದು.

ನಿಮ್ಮ ಕಾಗದ ನಿನ್ನೆ ಬಂತು. ಪೋಸ್ಟ್‌ಮ್ಯಾನ್ ಸುಂದರ ಗೇಟಿನ ಹೊರಗಿನಿಂದಲೇ "ಜಪಾನ್, ಜಪಾನ್" ಎಂದು ಕೂಗಿದ್ದರಿಂದ ಉರ್ವ ಮಾರ್ಕೆಟಿನ ಅರ್ಧ ಜನಕ್ಕೆ ಈಗ ನಮ್ಮ ವಿಷಯ ಗೊತ್ತು. ಸ್ಟಾಂಪಿನ ಮೇಲಿನ ಹಕ್ಕಿಗೆ ನಾನು ಮುತ್ತು ಕೊಟ್ಟದ್ದನ್ನು ಉಮ್ಮ ನೋಡಿದರು. ಆಸ್ಯಮ್ಮನ ಮಗಳಿಗೆ ಹುಚ್ಚು ಹಿಡಿದಿದೆ ಎಂದು ಊರಿನವರು ಹೇಳುವ ಮೊದಲು ತಾನೇ ಹೇಳಿಬಿಡುತ್ತೇನೆ ಎಂದರು.

ಒಂದು ವಿಚಿತ್ರ ಹೇಳಲೇ? ನಾವಿಬ್ಬರೂ ಕನ್ನಡದಲ್ಲಿ ಒಂದು ಮಾತೂ ಆಡಿದವರಲ್ಲ. ನಮ್ಮ ಬ್ಯಾರಿ ಭಾಷೆಗೆ ಲಿಪಿ ಇಲ್ಲ. ಇಂಗ್ಲಿಷಿನಲ್ಲಿ ಬರೆದರೆ ನಾನು ಗುಟ್ಟು ಮಾಡುತ್ತಿದ್ದೇನೆ ಎಂದು ಎಲ್ಲರಿಗೂ ಸಂಶಯ. ಹಾಗಾಗಿ ಕನ್ನಡ. ಆದರೆ ಕನ್ನಡದಲ್ಲಿ ನೀವು ಬೇರೆ ಯಾರೋ ದೊಡ್ಡ ಮನುಷ್ಯರ ಹಾಗೆ ಕೇಳಿಸುತ್ತೀರಿ. "ಎಲ್ಲ ಸಂಗತಿ ತಿಳಿಯಿತು" ಎಂದು ಶುರು ಮಾಡುವ ಗಂಡನನ್ನು ನಾನು ಮದುವೆಯಾಗಿರಲಿಲ್ಲ!

ನಮ್ಮವರ ಪದ್ಧತಿಯಂತೆ ಅಳಿಯನಿಗೆಂದು ಕಟ್ಟಿಸಿದ ಕೋಣೆಯಲ್ಲಿ ಇನ್ನೂ ಹೊಸ ಬಣ್ಣದ ವಾಸನೆ ಉಂಟು. ಮದುವೆಯಾಗಿ ಎರಡು ತಿಂಗಳು ತುಂಬುವ ಮೊದಲೇ ನೀವು ಹಡಗು ಹತ್ತಿದಿರಿ. ವಾಸನೆ ನಿಮಗಾಗಿ ಕಾದಿದೆ.

ನಿಮ್ಮ ಬಾಪ ಕಳೆದ ಶುಕ್ರವಾರ ಬಂದಿದ್ದರು. ಬಂದರಿನ ಅವರ ಕೊಡೆ ಅಂಗಡಿಯಲ್ಲಿ ಜಪಾನಿನ ಕಡ್ಡಿ ಮುಗಿದಿದೆಯಂತೆ, ತರಿಸಲು ಸರಕಾರ ಲೈಸೆನ್ಸ್ ಕೊಡುವುದಿಲ್ಲವಂತೆ. ಇಲ್ಲಿಯ ಕಡ್ಡಿ ಒಂದೇ ಮಳೆಗಾಲಕ್ಕೆ ತುಕ್ಕು. ಮಗ ಅದೇ ದೇಶದಲ್ಲಿ ಕೂತು ಎಂತ ಓದ್ತಾನೆ ಎಂದು ನನ್ನನ್ನು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ನನಗೂ ಕಲಿಸಿ. ಪ್ರತಿ ಕಾಗದದಲ್ಲಿ ಒಂದು ಪಾಠ. ಮೀನು ಹುರಿಯುವುದು ಮಾತ್ರ ಗೊತ್ತಿರುವ ಪ್ರೊಫೆಸರ್ ಹೆಂಡತಿ ಆಗಲು ನನಗೆ ಮನಸ್ಸಿಲ್ಲ.

ಇನ್ನೊಂದು ವಿಷಯ ಉಂಟು. ಈಗ ಬೇಡ. ಖಾತ್ರಿಯಾಗಲಿ.

ನಿಮ್ಮವಳೇ, ನಿಮ್ಮವಳೇ,
ಹಬೀಬಾ


ಟೋಕಿಯೋ
16-8-1961

ಪ್ರಿಯ ಹಬೀಬಾ,

ನಿನ್ನ ಕಾಗದ ತಲುಪಿ ಎಲ್ಲ ಸಂಗತಿ ತಿಳಿಯಿತು. (ನಗಬೇಡ. ಕಾಗದವೆಂದರೆ ನನಗೆ ಹೀಗೆ ಶುರು ಮಾಡಲು ಮಾತ್ರ ಬರುವುದು. ಎಂಟನೇ ಕ್ಲಾಸಿನ ಮಾಸ್ತರರು ಹೊಡೆದು ಕಲಿಸಿದ್ದು.)

ಪಾಠ ಕೇಳಿದ್ದೀಯಲ್ಲ, ಶುರು ಮಾಡುತ್ತೇನೆ. ಒಂದು ದೇಶದಲ್ಲಿ ಒಂದು ವರ್ಷ ತಯಾರಾದ ವಸ್ತು, ಮಾಡಿದ ಕೆಲಸ, ಎಲ್ಲದರ ಬೆಲೆ ಕೂಡಿಸಿದರೆ ಅದು ರಾಷ್ಟ್ರೀಯ ಆದಾಯ. ಹತ್ತು ವರ್ಷದಲ್ಲಿ ಇದನ್ನು ಇಮ್ಮಡಿ ಮಾಡುತ್ತೇವೆಂದು ಇಲ್ಲಿಯ ಸರಕಾರ ಕಳೆದ ವರ್ಷ ಜನರಿಗೆ ಮಾತು ಕೊಟ್ಟಿದೆ. ಹೇಗೆ? ಜನ ದುಡಿದದ್ದನ್ನೆಲ್ಲ ತಿಂದು ಮುಗಿಸುವುದಿಲ್ಲ. ಪೋಸ್ಟಾಫೀಸಿನಲ್ಲೋ ಬ್ಯಾಂಕಿನಲ್ಲೋ ಇಡುತ್ತಾರೆ. ಅದು ಕಾರ್ಖಾನೆಗೆ ಹೋಗಿ ಯಂತ್ರವಾಗುತ್ತದೆ. ಮುಂದಿನ ವರ್ಷ ಆ ಯಂತ್ರ ಇನ್ನಷ್ಟು ಮಾಡುತ್ತದೆ. ನಾನು ಇಳಿದುಕೊಂಡ ಮನೆಯ ಮುದುಕಿ ಚಹಾದ ಎಲೆಯನ್ನು ಎರಡು ಸಲ ಕುದಿಸುತ್ತಾಳೆ. ಅವಳ ಆ ಎರಡನೇ ಕುದಿಯೇ ಎಲ್ಲೋ ಒಂದು ಕಾರ್ಖಾನೆಯ ಗೋಡೆಯಾಗಿದೆ ಎಂದು ನನಗೆ ಅನಿಸುತ್ತದೆ.

ಬಾಪನಿಗೆ ಹೇಳು: ನಮ್ಮಲ್ಲಿ ಡಾಲರ್ ಕಡಿಮೆ. ಯಂತ್ರ ತರಿಸಲು ಅದು ಬೇಕು, ಹಾಗಾಗಿ ಕೊಡೆಕಡ್ಡಿ ಇಲ್ಲೇ ಆಗಲಿ ಎಂದು ಸರಕಾರ ಬಾಗಿಲು ಹಾಕಿದೆ. ಜಪಾನೂ ತನ್ನ ಎಳೆಯ ಕಾರ್ಖಾನೆಗಳಿಗೆ ಹಾಗೆಯೇ ಬಾಗಿಲು ಹಾಕಿ ಕಾಪಾಡುತ್ತದೆ. ಆದರೆ ಕೆಲವು ವರ್ಷದ ನಂತರ, ಹೋಗು, ಹೊರಗೆ ಮಾರಿ ತೋರಿಸು ಎನ್ನುತ್ತದೆ. ನಮ್ಮ ಕಡ್ಡಿಗೆ ಕಾವಲು ಸಿಕ್ಕಿತು, ಪರೀಕ್ಷೆ ಸಿಗಲಿಲ್ಲ.

ಖಾತ್ರಿಯಾಗಬೇಕಾದ ವಿಷಯ ಎಂತದು? ಹೊಲಿಗೆ ಮೆಷಿನಾ?

ನಿನ್ನ
ಹಾಶಿಂ


ಉರ್ವ
28-8-1961

ನನ್ನ ಹೊಲಿಗೆ ಮೆಷಿನ್ ಸಾಹೇಬರೇ,

ನೀವು ಎಷ್ಟು ಬುದ್ಧಿವಂತರು, ಎಷ್ಟು ಪೆದ್ದರು! ಓದಿ ನಕ್ಕು ನಕ್ಕು ನನಗೆ ಬಿಕ್ಕಳಿಕೆ ಬಂತು.

ಪಾಠವನ್ನು ಮಾವನಿಗೆ ಗಟ್ಟಿಯಾಗಿ ಓದಿದೆ. ಅವರು ಪೂರಾ ಕೇಳಿ, ವೀಳ್ಯ ಉಗುಳಿ ಬಂದು ಹೇಳಿದ್ದು ಇಷ್ಟೇ: "ಅವನಿಗೆ ಬರಿ. ಪರೀಕ್ಷೆ ಇಲ್ಲ ಅಂತ ಯಾರು ಹೇಳಿದ್ದು? ಪ್ರತಿ ಜೂನಿನಲ್ಲಿ ಮಳೆ ಪರೀಕ್ಷೆ ಮಾಡ್ತದೆ. ಫೇಲಾಗುವುದು ಕಡ್ಡಿ, ಬೈಗುಳ ತಿನ್ನುವುದು ಅವನ ಬಾಪ, ಈ ಅಹ್ಮದ್ ಬಾವ."

ಈಗ ಗಮನ ಕೊಟ್ಟು ಓದಿ. ನಿಮ್ಮ ಸೋದರಮಾವನ ಮಗ ಅಬೂಬಕ್ಕರ್ ಅಡುಗೆಯವನಾಗಿರುವ ಹಡಗು ಬೊಂಬಾಯಿಂದ ಯೊಕೊಹಾಮಾಕ್ಕೆ ಹೊರಟಿದೆ. ಅವನ ಕೈಯಲ್ಲಿ ನಿಮ್ಮ ಉಮ್ಮ ಸಫಿಯಾ ಅತ್ತೆ ಒಂದು ಡಬ್ಬಿ ಹಲ್ವ ಕಳಿಸಿದ್ದಾರೆ, ಜೊತೆಗೆ ಒಂದು ಸುದ್ದಿ. ಹಲ್ವ ಬಾಯಿಗೆ ಹಾಕಿಸಿ ಆಮೇಲೆ ಸುದ್ದಿ ಹೇಳಬೇಕೆಂದು ಅವನಿಗೆ ಆಣೆ ಹಾಕಿಸಿದ್ದಾರೆ. ಕಾಗದದಲ್ಲಿ ಬರೆಯಬಾರದು ಎಂದು ನನಗೂ ಆಣೆ. ಸಫಿಯಾ ಅತ್ತೆಯ ಮನೆತನದಲ್ಲಿ ಇಂಥ ಸುದ್ದಿ ತಿಂಗಳು ತುಂಬುತ್ತ ಬರುವ ತನಕ ಕಾಗದಕ್ಕೆ ಹತ್ತಬಾರದಂತೆ. ಕಾಗದ ನೂರು ಕೈ ದಾಟುತ್ತದೆ, ನೂರು ಕಣ್ಣು ಬೀಳುತ್ತದೆ. ಸಿಹಿಯೊಂದಿಗೆ ಬಾಯಿಂದ ಕಿವಿಗೆ ಹೋಗಬೇಕು. ನೀವು ಹುಟ್ಟುವ ಸುದ್ದಿಯೂ ಆಗ ಮಲ್ಪೆಯ ದೋಣಿಯಲ್ಲಿದ್ದ ಮಾವನಿಗೆ ಹಾಗೆಯೇ ಹೋದದ್ದಂತೆ.

ಅಯ್ಯೋ, ನಾನು ಎಷ್ಟು ಬರೆದುಬಿಟ್ಟೆ! ಇನ್ನು ಒಂದು ಅಕ್ಷರವೂ ಇಲ್ಲ. ಕೈ ಕಟ್ಟಿ ಕೂತಿದ್ದೇನೆ. ಅಬೂಬಕ್ಕರ್ ಸೆಪ್ಟೆಂಬರ್ ಮಧ್ಯಕ್ಕೆ ಅಲ್ಲಿರುತ್ತಾನೆ. ಉಮ್ಮ ನನ್ನನ್ನು ಬಾವಿಯ ಹಗ್ಗ ಮುಟ್ಟಲು ಬಿಡುವುದಿಲ್ಲ. ಬೆಳಿಗ್ಗೆಯೆಲ್ಲ ಊಟ ಸೇರುವುದಿಲ್ಲ, ಸಂಜೆಗೆ ಹುಣಸೆಹಣ್ಣಿನ ಭರಣಿ ಖಾಲಿ. ನೋಡಿ, ಪುನಃ!

ನೀವು ಸುದ್ದಿ ಕೇಳಿದ ದಿನವೇ ಬರೆಯಿರಿ. ಆ ಕಾಗದಕ್ಕಾಗಿ ನಾನು ದಿನಾ ಗೇಟಿನಲ್ಲಿ ನಿಂತಿರುತ್ತೇನೆ.

ನಿಮ್ಮ
ಹಬೀಬಾ


ಟೋಕಿಯೋ
24-9-1961

ಪ್ರಿಯ ಹಬೀಬಾ,

ನಿನ್ನ ಕಾಗದಗಳು ತಲುಪಿ ಎಲ್ಲ ಸಂಗತಿ ತಿಳಿಯಿತು. ಉತ್ತರ ತಡವಾಯಿತು, ಕ್ಷಮಿಸು. ಪರೀಕ್ಷೆಯಿತ್ತು. ಅವಸರದಲ್ಲಿ ಓದಿದ್ದೇನೆ, ಅವಸರದಲ್ಲೇ ಬರೆಯುತ್ತಿದ್ದೇನೆ. ಆದರೆ ಪಾಠ ತಪ್ಪಿಸುವುದಿಲ್ಲ.

ಹೋದ ಸಲ ಒಂದು ಮುಖ್ಯ ವಿಷಯ ಬಿಟ್ಟಿದ್ದೆ. ಆದಾಯ ಇಮ್ಮಡಿಯಾದರೆ ಸಾಲದು, ಅದನ್ನು ತಲೆಗಳಿಂದ ಭಾಗಿಸಬೇಕು. ತಲೆ ಬೇಗ ಬೇಗ ಹೆಚ್ಚಿದರೆ ದುಡಿದದ್ದೆಲ್ಲ ಹೊಸ ಬಾಯಿಗಳಿಗೆ ಹೋಗುತ್ತದೆ, ಯಂತ್ರಕ್ಕೆ ಉಳಿಯುವುದಿಲ್ಲ. ಯುದ್ಧ ಮುಗಿದಾಗ ಇಲ್ಲಿ ಮನೆತುಂಬ ಮಕ್ಕಳಂತೆ. ಹತ್ತೇ ವರ್ಷದಲ್ಲಿ ಜನ ತಾವಾಗಿಯೇ ನಿಧಾನಿಸಿದರು. ಈಗ ಇಬ್ಬರು ಮಕ್ಕಳು, ಅದೂ ತಡವಾಗಿ. ನಮ್ಮ ಪ್ರೊಫೆಸರರು ಬೋರ್ಡಿನ ಮೇಲೆ ಒಂದು ಯಂತ್ರದ, ಒಂದು ತೊಟ್ಟಿಲಿನ ಚಿತ್ರ ಬರೆದು, ಮೊದಲು ಇದು, ಆಮೇಲೆ ಅದು ಎಂದರು.

ನಮ್ಮ ಬಗ್ಗೆಯೂ ಯೋಚಿಸಿದೆ. ನನಗೆ ಇನ್ನೂ ಒಂದೂವರೆ ವರ್ಷ ಇಲ್ಲಿ. ಬಂದ ಮೇಲೂ ಕೆಲಸ ಗಟ್ಟಿಯಾಗಬೇಕು, ಕಾವೂರಿನಲ್ಲಿ ಒಂದು ಸಣ್ಣ ಮನೆಯಾಗಬೇಕು. ನಾವು ಓದಿದವರೇ ಕಾಯದಿದ್ದರೆ ದೇಶದಲ್ಲಿ ಇನ್ನು ಯಾರು ಕಾಯುತ್ತಾರೆ? ತೊಟ್ಟಿಲಿಗೆ ಅವಸರವಿಲ್ಲ. ನೀನು ಇದನ್ನು ಒಪ್ಪುತ್ತೀ ಎಂದು ನನಗೆ ಗೊತ್ತು.

ಉಮ್ಮನಿಗೆ, ಬಾಪನಿಗೆ, ನಿನ್ನ ಉಮ್ಮನಿಗೆ ಸಲಾಂ.

ನಿನ್ನ
ಹಾಶಿಂ


ಉರ್ವ
6-10-1961

ನಿಮ್ಮ ಕಾಗದ ತಲುಪಿತು.

ಪಾಠ ಅರ್ಥವಾಯಿತು. ಆದಾಯವನ್ನು ತಲೆಗಳಿಂದ ಭಾಗಿಸಬೇಕು. ಒಂದು ತಲೆ ಹೆಚ್ಚಾದರೆ ಉಳಿದವರ ಪಾಲು ಕಡಿಮೆ. ಮೊದಲು ಯಂತ್ರ, ಆಮೇಲೆ ತೊಟ್ಟಿಲು.

ಒಂದು ಮಾತು ಕೂಡ ಬೇರೆ ಬರೆಯಲು ಆಗಲಿಲ್ಲವಾ ನಿಮಗೆ? ಇರಲಿ.

ಅತ್ತೆ ನೀವು ಎಂತ ಬರೆದಿದ್ದೀರಿ ಎಂದು ಕೇಳಿದರು. ಖುಷಿಯಾಗಿದ್ದಾರೆ ಎಂದು ಹೇಳಿದೆ. ಇಲ್ಲಿ ಎಲ್ಲರೂ ಕ್ಷೇಮ.

ಹಬೀಬಾ


ಟೋಕಿಯೋ
17-10-1961

ಪ್ರಿಯ ಹಬೀಬಾ,

ನಿನ್ನ ಕಾಗದ ತಲುಪಿ ಸಂಗತಿ ತಿಳಿಯಿತು. ನಾನು ಎರಡು ಪುಟದಲ್ಲಿ ಹೇಳಿದ್ದನ್ನು ನೀನು ನಾಲ್ಕು ಸಾಲಿನಲ್ಲಿ ಹೇಳಿದ್ದೀ. ನನ್ನ ಕ್ಲಾಸಿನಲ್ಲಿ ಇಷ್ಟು ಚೊಕ್ಕವಾಗಿ ಬರೆಯುವವರು ಒಬ್ಬರೂ ಇಲ್ಲ. ಆದರೆ ಉಳಿದ ಪುಟವೆಲ್ಲ ಖಾಲಿ ಬಿಟ್ಟಿದ್ದೀ. ಮೂರು ಸಲ ಪ್ರೀತಿ ಎಂದು ಬರೆಯುತ್ತಿದ್ದವಳು ಒಂದು ಸಲವೂ ಬರೆಯಲಿಲ್ಲ. ಬೇರೆ ಮಾತು ಬರೆಯಲಿಲ್ಲ ಎಂದು ಕೋಪವಾ? ಪರೀಕ್ಷೆಯ ಕಾಲದ ಕಾಗದ ಅದು, ಹಾಗೆಂದೇ ಓದು.

ಅಂದ ಹಾಗೆ, ನನ್ನ ಹಲ್ವ ಎಲ್ಲಿ? ಅಬೂಬಕ್ಕರ್ ಇನ್ನೂ ಬಂದಿಲ್ಲ. ಯೊಕೊಹಾಮಾದ ಹಡಗು ಆಫೀಸಿಗೆ ಹೋಗಿ ಕೇಳಿದೆ. ಎಂಜಿನ್ ಕೆಟ್ಟು ಸಿಂಗಾಪುರದಲ್ಲಿ ನಿಂತಿದೆಯಂತೆ, ಈ ತಿಂಗಳ ಕೊನೆಗೆ ಬರಬಹುದಂತೆ. ಸುದ್ದಿ ಯಾವುದೆಂದು ನಾನು ಊಹಿಸಿದ್ದೇನೆ. ಬಾಪನಿಗೆ ಕಡ್ಡಿಯ ಲೈಸೆನ್ಸ್ ಸಿಕ್ಕಿತು, ಹೌದಾ? ಕಣ್ಣು ಬೀಳುವ ಸುದ್ದಿ ಬಂದರಿನಲ್ಲಿ ಅದೊಂದೇ.

ಈ ವಾರದ ಪಾಠ ನನಗೆ ತುಂಬ ಹಿಡಿಸಿತು. ಇಲ್ಲಿ ಕಾರ್ಖಾನೆಗಳು ವೇಗವಾಗಿ ಓಡಿ, ಹೊರಗಿನಿಂದ ಕಬ್ಬಿಣ, ಎಣ್ಣೆ ತರಿಸಿ ತರಿಸಿ ಡಾಲರ್ ಖಾಲಿಯಾಗತೊಡಗಿದೆ. ಅದಕ್ಕೆ ಇಲ್ಲಿಯ ದೊಡ್ಡ ಬ್ಯಾಂಕು ಜುಲೈಯಲ್ಲಿ ಒಮ್ಮೆ, ಕಳೆದ ತಿಂಗಳು ಇನ್ನೊಮ್ಮೆ ಬಡ್ಡಿ ಏರಿಸಿ ಬ್ರೇಕ್ ಹಾಕಿತು. ಕಷ್ಟವೇನೆಂದರೆ, ದೇಶ ಹೇಗಿದೆ ಎಂಬ ಅಂಕಿಗಳು ಅವರ ಮೇಜಿಗೆ ಬರುವಷ್ಟರಲ್ಲಿ ಹಳತಾಗಿರುತ್ತವೆ. ಹಳೆಯ ಅಂಕಿ ನೋಡಿ ಇಂದು ಬ್ರೇಕ್ ಹಾಕುತ್ತಾರೆ, ಅದು ಹಿಡಿಯುವುದು ಮುಂದಿನ ವರ್ಷ. ಅಷ್ಟರಲ್ಲಿ ಗಾಡಿ ತಾನಾಗಿಯೇ ನಿಂತಿರಲೂಬಹುದು. ನಕ್ಷತ್ರ ನೋಡಿದ ಹಾಗೆ, ನಾವು ಕಾಣುವುದು ಯಾವಾಗಲೂ ಆಗಿಹೋದದ್ದನ್ನು ಎಂದು ಪ್ರೊಫೆಸರರು ಹೇಳಿದರು.

ಉದ್ದ ಬರೆ. ಪ್ರೀತಿ ಎಂದು ಮೂರು ಸಲ ಬರೆ.

ಹಾಶಿಂ


ಉರ್ವ
28-10-1961

ನನ್ನ ಪ್ರೀತಿಯ, ಪ್ರೀತಿಯ, ಪ್ರೀತಿಯ, ಪ್ರೀತಿಯ,

ನಾಲ್ಕನೆಯದು ದಂಡ. ನಿಮಗೆ ಗೊತ್ತಿಲ್ಲ! ನಿಮಗೆ ಇನ್ನೂ ಏನೂ ಗೊತ್ತಿಲ್ಲ! ನಿಮ್ಮ ಕಾಗದ ಓದಿ ನಾನು ಗೇಟಿನಲ್ಲೇ ಕೂತು ಅತ್ತುಬಿಟ್ಟೆ. ಸುಂದರ ಹೆದರಿ ಉಮ್ಮನನ್ನು ಕರೆದ. ಜಪಾನಿನಲ್ಲಿ ಏನಾಯಿತು ಎಂದು ಕೇಳಿದರೆ, ಇನ್ನೂ ಹಲ್ವ ಮುಟ್ಟಿಲ್ಲ ಉಮ್ಮ ಎಂದೆ. ಹಲ್ವಕ್ಕೆ ಯಾರಾದರೂ ಹೀಗೆ ಅಳುತ್ತಾರಾ ಎಂದು ಅವನು ಸೈಕಲ್ ಹತ್ತಿ ಹೋದ.

ಮೂರು ವಾರ ನಾನು ನಿಮ್ಮನ್ನು ಎಷ್ಟು ಕೆಟ್ಟವರು ಎಂದುಕೊಂಡೆ ಗೊತ್ತಾ? "ಎಲ್ಲ ಸಂಗತಿ ತಿಳಿಯಿತು" ಎಂದಿದ್ದಿರಲ್ಲ. ಅಬೂಬಕ್ಕರ್ ಬಂದು ಹೇಳಿಯಾಗಿದೆ, ಇದೇ ನಿಮ್ಮ ಉತ್ತರ ಎಂದು ತಿಳಿದೆ. ನಿಮ್ಮ ಮಾಸ್ತರರು ಕಲಿಸಿದ ಆ ಸಾಲನ್ನು ಇನ್ನು ಜನ್ಮದಲ್ಲಿ ಬರೆಯಬೇಡಿ.

ಈಗ ಒಂದೇ ಸಾಲಿನಲ್ಲಿ ನಾನೇ ಹೇಳಿಬಿಡಬಹುದು. ಪೆನ್ನು ಕೈಯಲ್ಲೇ ಉಂಟು. ಉಮ್ಮನನ್ನು ಕೇಳಿದೆ, ಅತ್ತೆಗೆ ಕೊಟ್ಟ ಮಾತು ಮುರಿಯಬೇಡ ಎಂದರು. ಹಡಗು ಹೇಗೂ ತಿಂಗಳ ಕೊನೆಗೆ ಬರುತ್ತದಲ್ಲ. ಈ ಕಾಗದಕ್ಕಿಂತ ಮೊದಲೇ ಅಬೂಬಕ್ಕರ್ ನಿಮ್ಮ ಬಾಗಿಲು ತಟ್ಟಿರುತ್ತಾನೆ. ಲೈಸೆನ್ಸ್ ಅಲ್ಲ, ನನ್ನ ಪೆದ್ದು ಪ್ರೊಫೆಸರರೇ. ಲೈಸೆನ್ಸಿಗಿಂತ ದೊಡ್ಡದು, ಹೊಲಿಗೆ ಮೆಷಿನಿಗಿಂತ ಸಣ್ಣದು.

ನನಗೆ ಸ್ವಲ್ಪ ಜ್ವರ. ಊರಿಗೆಲ್ಲ ಉಂಟು, ಚಿಂತೆ ಬೇಡ.

ಹಬೀಬಾ


ಟೋಕಿಯೋ
30-10-1961

ನನ್ನ ಹಬೀಬಾ,

ಇವತ್ತು ಅಬೂಬಕ್ಕರ್ ಬಂದ.

ಡಬ್ಬಿ ತೆರೆದರೆ ಹಲ್ವ ಕಲ್ಲಾಗಿತ್ತು. ಮೊದಲು ತಿನ್ನು ಎಂದು ಹಟ ಹಿಡಿದ. ಕಚ್ಚಲಾಗಲಿಲ್ಲ, ಅವನು ಅಡುಗೆ ಕತ್ತಿ ತೆಗೆದು ಕೆತ್ತಿ ಬಾಯಿಗಿಟ್ಟ. ಆಮೇಲೆ ಕಿವಿಯ ಹತ್ತಿರ ಬಂದು ಬ್ಯಾರಿಯಲ್ಲಿ ಹೇಳಿದ. ಎಷ್ಟು ತಿಂಗಳಾದ ಮೇಲೆ ನಮ್ಮ ಭಾಷೆ ಕಿವಿಗೆ ಬಿತ್ತು, ಬಿದ್ದ ಮೊದಲ ಮಾತು ಇದು. ನಾನು ತಂದೆಯಾಗುತ್ತೇನಂತೆ. ಮನೆಯ ಮುದುಕಿಗೆ ನನ್ನ ಅರೆಬರೆ ಜಪಾನಿಯಲ್ಲಿ ಹೇಳಿದೆ. ಅವಳು ಒಳಗೆ ಹೋಗಿ ಹೊಸ ಎಲೆ ಹಾಕಿ ಚಹಾ ಮಾಡಿ ತಂದಳು.

ಅವನು ಹೋದ ಮೇಲೆ ನಿನ್ನ ಆರನೇ ತಾರೀಕಿನ ಕಾಗದವನ್ನು ಪುನಃ ಓದಿದೆ. ಈಗ ಅರ್ಥವಾಯಿತು. ಆ ನಾಲ್ಕು ಸಾಲನ್ನು ನೀನು ಹೇಗೆ ಬರೆದಿರಬಹುದು! ಬಾವಿಯ ಹಗ್ಗ, ಹುಣಸೆಹಣ್ಣು, ಎಲ್ಲ ಬರೆದಿದ್ದೀ. ನಾನು ಪರೀಕ್ಷೆಯ ಪುಸ್ತಕದ ಮೇಲಿಟ್ಟು ಓದಿದೆ. ಆ ಪಾಠವನ್ನು ಬರೆದವನಿಗೆ ಏನೂ ಗೊತ್ತಿರಲಿಲ್ಲ, ಹಬೀಬಾ. ನಮ್ಮ ತಲೆಯನ್ನು ನಾನು ಯಾವ ಲೆಕ್ಕಕ್ಕೂ ಭಾಗಿಸುವುದಿಲ್ಲ. ತೊಟ್ಟಿಲೇ ಮೊದಲು. ಯಂತ್ರ ಎಲ್ಲಿಯಾದರೂ ಹಾಳಾಗಿ ಹೋಗಲಿ.

ಹೆಸರು ನಾನೇ ಇಡಬೇಕೆಂದು ಉಮ್ಮ ಹೇಳಿ ಕಳಿಸಿದ್ದಾರಂತೆ. ಭಾನುವಾರ ರಜೆ. ಪೂರಾ ದಿನ ಅದೇ ಯೋಚನೆ ಮಾಡಿ ಬರೆಯುತ್ತೇನೆ.

ನಿನ್ನ, ನಿನ್ನ, ನಿನ್ನ
ಹಾಶಿಂ


ಉರ್ವ
11-11-1961

ಪ್ರೀತಿಯ ಹಾಶಿಂ,

ನಿಮ್ಮ ಹೆಸರು ಹಿಡಿದು ಕರೆಯುತ್ತಿದ್ದೇನೆ. ಉಮ್ಮ ನೋಡಿದರೆ ಬೈಯುತ್ತಾರೆ.

ನಿಮ್ಮ ಮೂವತ್ತನೇ ತಾರೀಕಿನ ಕಾಗದ ನಿನ್ನೆ ಬಂತು. ಸುಂದರ ಕೂಗಲಿಲ್ಲ. ಗೇಟು ತೆರೆದು ಒಳಗೆ ಬಂದು ಉಮ್ಮನ ಕೈಯಲ್ಲಿ ಕೊಟ್ಟು ಹೋದ.

ಅವಳು ಭಾನುವಾರ ಹೋದಳು, ಐದನೇ ತಾರೀಕು ಮಧ್ಯಾಹ್ನ. ಜ್ವರ ಇಳಿಯಲಿಲ್ಲ. ಕೊಡಿಯಾಲ್‌ಬೈಲಿನಿಂದ ಲೇಡಿ ಡಾಕ್ಟರರನ್ನು ಮಾವ ಕಾರಿನಲ್ಲಿ ಕರೆತಂದರು. ಅವರು ಮಾಡುವುದನ್ನೆಲ್ಲ ಮಾಡಿದರು. ಆರನೇ ತಿಂಗಳು ಹಿಡಿದಿತ್ತು. ಹೆಣ್ಣು. ನನಗೆ ತೋರಿಸಿದರು. ನಿಮ್ಮ ಹಾಗೆ ಕಿವಿ ಸ್ವಲ್ಪ ಮುಂದೆ.

ಮಾವ ಮರುದಿನ ತಂತಿ ಕೊಡಲು ಹೋಗಿ, ಕೊಡದೆ ಬಂದರು. ಬಾಗಿಲಲ್ಲಿ ನಿಂತು ಉಮ್ಮನಿಗೆ ಹೇಳಿದ್ದು ನನಗೆ ಒಳಗೆ ಕೇಳಿಸಿತು. "ಉಂಟು ಅಂತಲೇ ಗೊತ್ತಿಲ್ಲದವನಿಗೆ ಇಲ್ಲ ಅಂತ ಹೇಗೆ ತಂತಿ ಕೊಡುವುದು, ಆಸ್ಯಮ್ಮ?" ಅಬೂಬಕ್ಕರ್ ಬಂದು ಹೇಳಿಯಾಗಿತ್ತು ಎಂದು ಆವತ್ತು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅತ್ತೆ ನನ್ನ ಹತ್ತಿರ ಕೂತಿದ್ದಾರೆ. ನಿನ್ನೆ ನಿಮ್ಮ ಕಾಗದ ಓದಿ ಹೇಳಿದೆ. ಹಲ್ವ ಕೆತ್ತಿದ್ದು ಬಂದಾಗ ಸೆರಗಿನಿಂದ ಮುಖ ಮುಚ್ಚಿ, ನಾನು ನಿನ್ನ ಬಾಯಿ ಕಟ್ಟಿದೆ ಮಗಾ ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಅವರ ಮೇಲೆ ಕೋಪ ಮಾಡಬೇಡಿ. ಅವರ ಉಮ್ಮ ಹಾಗೆ ಮಾಡಿದ್ದರು, ಅವರು ಹಾಗೆ ಮಾಡಿದರು. ಕಾಗದಕ್ಕೆ ಹತ್ತಿಸಿರಲಿಲ್ಲ, ಆದರೂ ಉಳಿಯಲಿಲ್ಲ.

ನಿಮಗೆ ಹೇಳದ ಒಂದು ಮಾತು. ನಿಮ್ಮ ಮೊದಲನೇ ಪಾಠವನ್ನು ನಾನು ದಿನಾ ಅವಳಿಗೆ ಗಟ್ಟಿಯಾಗಿ ಓದುತ್ತಿದ್ದೆ, ಆ ಕೋಣೆಯಲ್ಲಿ ಬಾಗಿಲು ಹಾಕಿ. ಚಹಾದ ಮುದುಕಿ ಬಂದಾಗ ಅವಳಿಗೂ ನಗು ಬರುತ್ತದೆ ಎಂದುಕೊಳ್ಳುತ್ತಿದ್ದೆ. ತೊಟ್ಟಿಲಿನ ಕಾಗದ ಬಂದ ಮೇಲೆ ಓದುವುದು ಬಿಟ್ಟೆ. ಆ ಮೂರು ವಾರ ಅವಳೊಂದಿಗೆ ನಾನು ಮಾತೇ ಆಡಲಿಲ್ಲ. ಕೋಪ ನಿಮ್ಮ ಮೇಲಿತ್ತು. ಅವಳಿಗೆ ಹೇಗೆ ಗೊತ್ತಾಗಬೇಕು?

ಮಣ್ಣು ಮಾಡುವ ಮೊದಲು, ನಮ್ಮ ಪಳ್ಳಿಯಲ್ಲಿ ನಮಾಜು ನಡೆಸುವ ಮುಸ್ಲಿಯಾರರು ಹೆಸರು ಕೇಳಿದರಂತೆ. ತಂದೆ ಇಡಬೇಕು, ತಂದೆ ದೂರದಲ್ಲಿದ್ದಾನೆ ಎಂದು ಮಾವ ಹೇಳಿದರಂತೆ. ಹಾಶಿಂನ ಮಗಳು ಎಂದು ಹೇಳಿ ಒಪ್ಪಿಸಿದರು.

ನೀವು ಓಡಿ ಬರಬೇಡಿ. ಬಂದರೂ ನೀವು ಕಾಣುವುದು ಆಗಿಹೋದದ್ದನ್ನು.

ಹಬೀಬಾ


ಟೋಕಿಯೋ
5-11-1961, ಭಾನುವಾರ ಮಧ್ಯಾಹ್ನ

ನನ್ನ ಹಬೀಬಾ,

ಹೇಳಿದ ಹಾಗೆ ಬೆಳಿಗ್ಗೆಯಿಂದ ಇದೇ ಕೆಲಸ. ಹೊಳೆಯ ಬದಿಯಲ್ಲಿ ಕೂತು ಬರೆಯುತ್ತಿದ್ದೇನೆ, ಬಿಸಿಲು ಚೆನ್ನಾಗಿದೆ. ಪಕ್ಕದಲ್ಲಿ ಒಂದು ಕುಟುಂಬ ಊಟದ ಡಬ್ಬಿ ಬಿಚ್ಚಿ ಕೂತಿದೆ. ಅವರ ಮಗು ಎರಡು ಸಲ ನನ್ನ ಪೆನ್ನು ಎಳೆಯಿತು. ಹಾಗಾಗಿ ಈ ಗೆರೆ.

ಗಂಡಾದರೆ ಬಶೀರ್. ಒಳ್ಳೆಯ ಸುದ್ದಿ ತಂದವನು ಎಂದು ಅರ್ಥ. ಹೆಣ್ಣಾದರೆ ಮುಮ್ತಾಝ್. ನಾನು ಹೆಣ್ಣೆಂದೇ ತಿಳಿದಿದ್ದೇನೆ. ಬೆಳಿಗ್ಗೆಯಿಂದ ಒಬ್ಬನೇ ಆ ಹೆಸರನ್ನು ಎಷ್ಟೋ ಸಲ ಕರೆದು ನೋಡಿದೆ. ಕರೆಯಲು ಚೆನ್ನಾಗಿದೆ. ಉರ್ವದ ಮನೆಯ ಅಂಗಳದಿಂದ ಬಾವಿಯ ತನಕ ಕೇಳಿಸುತ್ತದೆ.

ಇವತ್ತು ಪಾಠ ಇಲ್ಲ. ಹೆಸರು ಸಿಕ್ಕಿದ ಕೂಡಲೇ ಬಾಪನಿಗೆ ತಿಳಿಸು, ಅವರು ಕಾಯುತ್ತಿರುತ್ತಾರೆ.

ನಿಮ್ಮಿಬ್ಬರ
ಹಾಶಿಂ


ಉರ್ವ
17-11-1961

ಪ್ರೀತಿಯ ಹಾಶಿಂ,

ಐದನೇ ತಾರೀಕಿನ ನಿಮ್ಮ ಕಾಗದ ನಿನ್ನೆ ಬಂತು. ಮೇಲಿನ ತಾರೀಕು ನೋಡಿ ಒಡೆಯಲು ಧೈರ್ಯವಾಗಲಿಲ್ಲ. ಆಮೇಲೆ ಒಡೆದೆ. ಆ ಮಗು ಎಳೆದ ಗೆರೆಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತೆ.

ಇದು ನಿಮಗೆ ತಲುಪುವಾಗ ನನ್ನ ಹನ್ನೊಂದನೇ ತಾರೀಕಿನದು ತಲುಪಿರುತ್ತದೆ. ಇವತ್ತು, ಈಗ, ನಿಮಗೆ ಇನ್ನೂ ಗೊತ್ತಿರಲಿಕ್ಕಿಲ್ಲ. ಈಗಲೂ ನೀವು ಆ ಹೆಸರನ್ನು ಕರೆಯುತ್ತಿರಬಹುದು. ಇನ್ನೂ ಮೂರು ನಾಲ್ಕು ದಿನ ಕರೆಯುತ್ತೀರಿ. ಕರೆಯಿರಿ. ಆ ದಿನಗಳನ್ನು ನಿಮ್ಮಿಂದ ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ.

ಮಾವನಿಗೆ ತಿಳಿಸು ಎಂದಿದ್ದೀರಿ. ತಿಳಿಸಬೇಕೋ ಬೇಡವೋ ಎಂದು ಉಮ್ಮನಿಗೆ ಗೊತ್ತಾಗಲಿಲ್ಲ. ನಾನು ತಿಳಿಸುವುದೇ ಸರಿ ಎಂದೆ. ಹೇಳಿ ಕಳಿಸಿದೆವು. ಇವತ್ತು ಜುಮಾ ಮುಗಿಸಿ ಮಾವ ಇಲ್ಲಿಗೆ ಬಂದರು. ಕಾಗದವನ್ನು ಅವರ ಕೈಯಲ್ಲಿ ಕೊಟ್ಟೆ. ಅವರಿಗೆ ಕನ್ನಡ ನಿಧಾನ, ಅಂಗಡಿಯ ಬೋರ್ಡು ಓದುವ ಹಾಗೆ ಅಕ್ಷರ ಅಕ್ಷರ ಕೂಡಿಸುತ್ತಾರೆ. ಹೆಸರಿರುವ ಸಾಲಿನಲ್ಲಿ ನಿಂತರು. ಬಾಯಲ್ಲೇ ಎರಡು ಸಲ ಹೇಳಿಕೊಂಡರು, ತಪ್ಪಬಾರದು ಎಂಬ ಹಾಗೆ.

ಕಾಗದ ಮಡಚಿ ನನಗೆ ಕೊಟ್ಟು ಟೊಪ್ಪಿ ಸರಿ ಮಾಡಿಕೊಂಡು ಎದ್ದರು. ಎಲ್ಲಿಗೆ ಎಂದು ಉಮ್ಮ ಕೇಳಿದರು. ಹೊರಗೆ ಸಣ್ಣ ಮಳೆ ಹಿಡಿದಿತ್ತು, ಕಾಲವಲ್ಲದ ಮಳೆ. ಕೊಡೆ ಹಿಡಿಯಿರಿ ಎಂದರೆ ಬೇಡ ಎಂದು ಪುನಃ ಪಳ್ಳಿಯ ಕಡೆ ನಡೆದರು.

ಹೆಂಗಸರು ಮಣ್ಣು ಮಾಡಿದ ಜಾಗಕ್ಕೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ನಾನು ಗೇಟಿನಲ್ಲಿ ನಿಂತೆ, ನಿಮ್ಮ ಕಾಗದಕ್ಕೆ ಕಾಯುತ್ತಿದ್ದಲ್ಲೇ. ತುಂಬ ಹೊತ್ತಾದ ಮೇಲೆ ಮಾವ ವಾಪಸು ಬಂದರು. ಅಂಗಿಯೆಲ್ಲ ಒದ್ದೆ. ಮಂಡಿಯ ಹತ್ತಿರ ಕೆಂಪು ಮಣ್ಣು.

ಅವರೇ ಹೇಳಿದರು.

"ಹತ್ತಿರ ಕೂತು ಹೇಳಿದೆ ಮಗಾ. ನಿನ್ನ ಹೆಸರು ಮುಮ್ತಾಝ್, ಬಾಪ ಜಪಾನಿಂದ ಬರೆದಿದ್ದಾನೆ ಅಂತ."

ನಿಮ್ಮ
ಹಬೀಬಾ